ಬಂದಿಲ್ಲ, ಬರಲಿಲ್ಲ, ಬರೂದಿಲ್ಲ

ಹೋದವರ ದಾರಿ ಕಾಯುವ ಹಾಡು ಬರೆಯಲು ಕೂತವರು ಮೊದಲು ಈ ಮೂರು ಮಾತನ್ನು ಹಾಳೆಯ ಮೇಲೆ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಬರಲಿಲ್ಲ ಅಂದರೆ ಬರಬೇಕಾದ ಹೊತ್ತು ಮುಗಿದಿದೆ, ನಿನ್ನೆಯ ಬಸ್ಸು ನಿನ್ನೆಯೇ ಹೋಯಿತು. ಬರೂದಿಲ್ಲ ಅಂದರೆ ತೀರ್ಮಾನ ಆಗಿದೆ. ಬಂದಿಲ್ಲ ಅಂದಾಗ ಮಾತ್ರ ಹೊತ್ತು ಇನ್ನೂ ನಡೆದಿದೆ. ಬಾಗಿಲು ಅರ್ಧ ತೆರೆದಿದೆ, ಒಲೆಯ ಮೇಲೆ ಸಾರು ಬಿಸಿ ಇದೆ. ಹಂಬಲ ಬದುಕುವುದು ಈ ಬಂದಿಲ್ಲದೊಳಗೆ. ಬರಲಿಲ್ಲ ಅಂತ ಬರೆದರೆ ಅದು ದೂರಿನ ಹಾಡು, ಬರೂದಿಲ್ಲ ಅಂತ ಬರೆದರೆ ಶೋಕದ ಹಾಡು. ಅವೂ ಒಳ್ಳೆಯ ಹಾಡೇ, ಆದರೆ ಬೇರೆಯ ಹಾಡು.

ಎಡವಟ್ಟು ಆಗುವುದು ಮಾತ್ರೆಯಿಂದ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಹೊತ್ತಿನ ಅಳತೆಯಿಂದ. ಬಂದಿಲ್ಲ ಅನ್ನುವುದಕ್ಕೆ 5 ಮಾತ್ರೆ, ಬರಲಿಲ್ಲ ಅನ್ನುವುದಕ್ಕೂ 5. ತಾಳಕ್ಕೆ ಎರಡೂ ಒಂದೇ ಥರ ಕೂಡುವುದರಿಂದ ಕೈಗೆ ಯಾವುದು ಸಿಕ್ಕಿತೋ ಅದನ್ನು ಹಾಕಿಬಿಡುತ್ತಾರೆ. ಮೊದಲ ಚರಣದಲ್ಲಿ ಬರಲಿಲ್ಲ, ಎರಡನೆಯದರಲ್ಲಿ ಬಂದಿಲ್ಲ. ಮುಚ್ಚಿದ ಬಾಗಿಲು ತಾನೇ ತೆರೆದುಕೊಂಡಂತೆ ಆಗುತ್ತದೆ. ಕೇಳುವವರಿಗೆ ತಪ್ಪು ಎಲ್ಲಿದೆ ಅಂತ ಹೇಳಲು ಬಾರದು, ಆದರೆ ಮನಸ್ಸು ಅಲ್ಲಿಂದ ಎದ್ದು ಹೋಗಿರುತ್ತದೆ. ಬರೂದಿಲ್ಲಕ್ಕೆ 6 ಮಾತ್ರೆ, ಹಾಗಾಗಿ ಅದು ಕಣ್ತಪ್ಪಿ ಒಳಗೆ ಬರುವುದು ಕಡಿಮೆ. ಅದನ್ನು ಬೇಕಂತಲೇ ಕರೆಯಬೇಕು. ಯಾವಾಗ ಕರೆಯಬೇಕು ಅನ್ನುವುದು ಕೊನೆಗೆ.

ಈ ಮೂರಕ್ಕೂ ಇನ್ನೊಂದು ಗುಣ ಇದೆ. ಬಂದಾನ ಅಂದರೆ ಗಂಡು, ಬಂದಾಳ ಅಂದರೆ ಹೆಣ್ಣು ಅಂತ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಇಲ್ಲ ಸೇರಿದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ನಾ ಬಂದಿಲ್ಲ, ನೀ ಬಂದಿಲ್ಲ, ಆಂವ ಬಂದಿಲ್ಲ, ಅಕಿ ಬಂದಿಲ್ಲ, ಎಲ್ಲರಿಗೂ ಒಂದೇ ರೂಪ. ಕರ್ತೃವನ್ನು ಕೈಬಿಟ್ಟು ಬರೀ ‘ಇನ್ನ ಬಂದಿಲ್ಲ’ ಅಂತ ಬರೆದರೆ ಆ ಹಾಡನ್ನು ಗಂಡಸೂ ಹಾಡಬಹುದು, ಹೆಂಗಸೂ ಹಾಡಬಹುದು, ಮಗಳ ದಾರಿ ನೋಡುವ ತಾಯಿಯೂ ಹಾಡಬಹುದು. ವ್ಯಾಕರಣ ಇಷ್ಟು ಪುಕ್ಕಟೆಯಾಗಿ ಕೊಡುವುದನ್ನು ಯಾಕೆ ಬಿಡಬೇಕು?

ಹೊಸಬರು ಸಾಮಾನ್ಯವಾಗಿ ಆರಂಭಿಸುವುದು ಹೀಗೆ: ವಿರಹದ ಬೆಂಕಿಯಲ್ಲಿ ಎದೆ ಬೇಯುತ್ತಿದೆ, ನಿನ್ನ ನೆನಪಿನಲ್ಲಿ ಜೀವ ಸಾಯುತ್ತಿದೆ. ಬೇಯುತ್ತಿದೆ, ಸಾಯುತ್ತಿದೆ ಪ್ರಾಸ ಕೂಡಿತು ಅನ್ನುವ ಸಮಾಧಾನ ಬೇರೆ. ಇದರಲ್ಲಿ ಮನೆ ಇಲ್ಲ, ಊರಿಲ್ಲ, ಹೊತ್ತಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ವಿರಹ ಅನ್ನುವ ಶಬ್ದವನ್ನು ಹಾಡಿನೊಳಗೆ ತಂದರೆ, ಊಟಕ್ಕೆ ಕರೆದು ತಾಟಿನಲ್ಲಿ ಅಡಿಗೆಯ ಹೆಸರು ಬರೆದ ಚೀಟಿ ಬಡಿಸಿದ ಹಾಗೆ. ಮೊದಲು ಆ ಶಬ್ದವನ್ನು ಹೊಡೆದು ಹಾಕಿ, ಮನೆಯಲ್ಲಿ ಒಬ್ಬರು ಕಡಿಮೆಯಾದಾಗ ಯಾವ ಲೆಕ್ಕ ತಪ್ಪುತ್ತದೆ ಅಂತ ನೋಡಿ. ಹಾವೇರಿ, ಗದಗ ಕಡೆಯಿಂದ ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋದವರ ಮನೆಗಳಲ್ಲಿ ಮೊದಲು ತಪ್ಪುವುದು ರೊಟ್ಟಿಯ ಲೆಕ್ಕ. ರೂಢಿ ಇದ್ದಷ್ಟು ಹಿಟ್ಟನ್ನು ಕೈ ತಾನೇ ಕಲಸಿಬಿಡುತ್ತದೆ.

ಮರತು ಬಡದ ಒಂದು ರೊಟ್ಟಿ
ಬುಟ್ಟಿಯೊಳಗ ಆರೇತಿ
ಬರ್ತಿನಂದ ಮಾತು ಇನ್ನ
ಹೊಸ್ತಿಲೊಳಗ ನಿಂತೇತಿ

ಪಲ್ಲವಿಗೆ ಇಷ್ಟು ಸಾಕು. ಈಗ ಅಳತೆ ನೋಡೋಣ. ಮರತು, ಬಡದ, ಒಂದು, ರೊಟ್ಟಿ, ಪ್ರತಿಯೊಂದಕ್ಕೂ 3 ಮಾತ್ರೆ. ಒಟ್ಟು 12, ಅಂದರೆ 6 ಮಾತ್ರೆಯ ದಾದ್ರಾ ತಾಳದ ಎರಡು ಸುತ್ತು. ಎರಡನೆಯ ಸಾಲು ಬುಟ್ಟಿ 3, ಯೊಳಗ 3, ಆರೇತಿ 5. ಒಟ್ಟು 11, ಕೊನೆಗೆ ಒಂದು ಮಾತ್ರೆ ಖಾಲಿ ಉಳಿಯುತ್ತದೆ. ಆ ಒಂದು ಮಾತ್ರೆಯನ್ನು ತುಂಬಲು ಹೋಗಬೇಡಿ. ‘ಆರೇತಿ ನೋಡ’ ಅಂತಲೋ ‘ಆರೇತಿ ಗೆಳೆಯ’ ಅಂತಲೋ ತುರುಕಿದರೆ ಹಾಡುವವರಿಗೆ ಉಸಿರು ತಗೊಳ್ಳಲು ಜಾಗ ಇರುವುದಿಲ್ಲ, ಕೇಳುವವರಿಗೆ ಆ ತಣ್ಣಗಾದ ರೊಟ್ಟಿಯನ್ನು ನೋಡಲು ಪುರಸೊತ್ತು ಸಿಗುವುದಿಲ್ಲ. ದಾದ್ರಾದಲ್ಲಿ ನಾಲ್ಕನೆಯ ಮಾತ್ರೆಗೆ ‘ಖಾಲಿ’ ಅಂತಲೇ ಹೆಸರು, ತಾಳದ ಪೆಟ್ಟು ಹಗುರಾಗುವ ಜಾಗ ಅದು. ಆರೇತಿಯ ರೇ ಮೂರನೆಯ ಮಾತ್ರೆಯಲ್ಲಿ ಹುಟ್ಟಿ ಆ ಖಾಲಿಯ ಮೇಲಿಂದ ದಾಟಿ ಹೋಗುತ್ತದೆ. ತಬಲಾ ಎಡಗೈ ಎತ್ತಿದ ಹೊತ್ತಿಗೆ ದನಿ ಒಂದೇ ನಿಂತಿರುತ್ತದೆ. ಎಳೆತ ಹುಟ್ಟುವುದು ಅಲ್ಲಿ.

ಬರ್ತೀನಿ ಅನ್ನುವುದನ್ನು ‘ಬರ್ತಿನಂದ’ ಅಂತ ಗಿಡ್ಡ ಮಾಡಿದ್ದು ಮಾತ್ರೆಗಾಗಿ. ದೀರ್ಘ ಇಟ್ಟರೆ 7 ಆಗಿ ತಾಳ ಜಾರುತ್ತದೆ. ಆ ಮಾತನ್ನು ಆರಿಸಿದ್ದಕ್ಕೆ ಕಾರಣ ಬೇರೆ ಇದೆ. ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ಅಂದರೆ ಹಿರಿಯರು ಬೈಯುತ್ತಾರೆ. ‘ಬರ್ತೀನಿ’ ಅನ್ನಬೇಕು. ಹೋಗುವ ಮಾತೇ ಬರುವ ಮಾತು. ಬೇರೆ ಭಾಷೆಯಲ್ಲಿ ಇದಕ್ಕೆ ಅಡಿಟಿಪ್ಪಣಿ ಬೇಕಾದೀತು, ಇಲ್ಲಿ ಬೇಡ.

ಇನ್ನೊಂದು ಸೂಕ್ಷ್ಮ. ಇಲ್ಲಿ ನಾನು ಇಲ್ಲ, ನೀನು ಇಲ್ಲ, ಅವನೂ ಇಲ್ಲ. ಇರುವುದು ಒಂದು ರೊಟ್ಟಿ, ಒಂದು ಬುಟ್ಟಿ, ಒಂದು ಮಾತು, ಒಂದು ಹೊಸ್ತಿಲು. ಪಲ್ಲವಿ ಮತ್ತೆ ಮತ್ತೆ ಮರಳಿ ಬರುವ ಭಾಗ. ಅಲ್ಲಿ ವ್ಯಕ್ತಿಯನ್ನು ಕಟ್ಟಿಹಾಕದಿದ್ದರೆ ಪ್ರತಿ ಚರಣದ ನಂತರ ಅದಕ್ಕೆ ಬೇರೆ ಬೆಳಕು ಬೀಳುತ್ತದೆ.

‘ಇದೆ’ ಅನ್ನಲು ಬಳಸುವ ‘ಐತಿ’ ಮತ್ತು ‘ಅದ’ ವಿಷಯಕ್ಕೆ ಬಂದರೆ ಧಾರವಾಡದಲ್ಲಿ ಜಗಳವೇ ಆಗುತ್ತದೆ. ಎರಡೂ ಇಲ್ಲಿಯವೇ. ಆದರೆ ಒಂದೇ ಹಾಡಿನಲ್ಲಿ ಎರಡನ್ನೂ ಬೆರೆಸಿದರೆ ಹಾಡುವ ವ್ಯಕ್ತಿ ಒಂದು ಸಾಲಿನಲ್ಲಿ ಒಂದು ಮನೆಯವರು, ಇನ್ನೊಂದು ಸಾಲಿನಲ್ಲಿ ಇನ್ನೊಂದು ಮನೆಯವರು ಆಗಿಬಿಡುತ್ತಾರೆ. ಊರ ಮಂದಿಯ ಕಿವಿ ಇದನ್ನು ತಕ್ಷಣ ಹಿಡಿಯುತ್ತದೆ, ಬೆಂಗಳೂರಿನಲ್ಲಿ ಕೂತು ‘ಉತ್ತರ ಕರ್ನಾಟಕ ಸ್ಟೈಲ್’ ಬರೆಯುವವರಿಗೆ ಹೊಳೆಯುವುದಿಲ್ಲ. ದನಿಯ ಲೆಕ್ಕವೂ ಇದೆ. ಆರೇತಿ, ನಿಂತೇತಿ ಮುಗಿಯುವುದು ಇಕಾರದಲ್ಲಿ. ತಾರಷಡ್ಜದಲ್ಲಿ, ಅಂದರೆ ಮೇಲಿನ ಸಾದಲ್ಲಿ, ಇಕಾರ ಹಿಡಿದು ನಿಲ್ಲಿಸಿದರೆ ಗಂಟಲು ಬಿಗಿಯುತ್ತದೆ, ದನಿ ತೆಳ್ಳಗಾಗುತ್ತದೆ. ಆದ್ದರಿಂದ ಆ ಸಾಲಿನ ಕೊನೆಯನ್ನು ಕೆಳಗಿನ ಸ್ವರದಲ್ಲಿ ಇಡಬೇಕು. ಮೇಲೆ ಹೋಗಲೇಬೇಕು ಅನ್ನುವ ಸಂಗೀತಗಾರರಿಗೆ ಆರ್ಯದ, ನಿಂತದ ಅನ್ನುವ ರೂಪ ಕೊಡಿ. ಕೊನೆ ಅಕಾರ, ಬಾಯಿ ತೆರೆದುಕೊಳ್ಳುತ್ತದೆ. ಆದರೆ ಆಗ 4 ಮಾತ್ರೆಯಾಗಿ ಕೊನೆಗೆ ಎರಡು ಖಾಲಿ ಉಳಿಯುತ್ತವೆ. ಅದೂ ಚೆಂದವೇ, ಇಡೀ ಹಾಡನ್ನು ಆ ಮಾತಿಗೇ ತಿರುಗಿಸಬೇಕು ಅಷ್ಟೆ.

ನೆನಪಿನ ವ್ಯಾಕರಣದ ಬಗ್ಗೆಯೂ ಒಂದು ಮಾತು. ‘ನಾ ನಿನ್ನ ನೆನಸ್ತೀನಿ’ ಅಂದರೆ ಕೂತು ಮಾಡುವ ಕೆಲಸ, ಜಪದ ಹಾಗೆ. ‘ನನಗ ನಿನ್ನ ನೆನಪಾತು’ ಅಂದರೆ ಕೇಳದೆ ಬಂದದ್ದು. ಹಸಿವಾತು, ನೀರಡಿಕಿ ಆತು, ಬ್ಯಾಸರಾತು, ನೆನಪಾತು. ಇವೆಲ್ಲ ನನಗೆ ಆಗುವಂಥವು, ನಾನು ಮಾಡುವಂಥವಲ್ಲ. ಹಂಬಲದ ಹಾಡಿನಲ್ಲಿ ‘ನಾ’ ಕಡಿಮೆ ಮಾಡಿ ‘ನನಗ’ ಹೆಚ್ಚು ಮಾಡಿದರೆ ಅರ್ಧ ಕೆಲಸ ಆದಂತೆ. ಪ್ರತಿ ಸಾಲಿನಲ್ಲೂ ನಾನು ಕಾದೆ, ನಾನು ಅತ್ತೆ, ನಾನು ಕರಗಿದೆ ಅಂತ ಬಂದರೆ ಕೊಟ್ಟ ಸಾಲ ಲೆಕ್ಕ ಹಾಕಿದಂತೆ ಕೇಳುತ್ತದೆ.

ಹಳೆಯ ದಾರಿ ಬೇಕು ಅನ್ನುವವರಿಗೆ ತ್ರಿಪದಿ ಇದೆ. ಬೀಸುವ ಕಲ್ಲಿನ ಮುಂದೆ ಕೂತವರು ಅದರಲ್ಲಿ ಏನೆಲ್ಲ ಹೇಳಿಕೊಂಡಿದ್ದಾರೆ ಅನ್ನುವುದಕ್ಕೆ ಲೆಕ್ಕವಿಲ್ಲ. ಶಾಸ್ತ್ರದ ಪ್ರಕಾರ ಮೂರು ಸಾಲಿಗೆ 11 ಗಣ, ಅಂದರೆ ಮಾತ್ರೆಗಳ ಗುಂಪು, ಅದರಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾಯಿಪಾಠಕ್ಕೆ ಸುಲಭವಾಗಿ ಹೇಳುವುದಾದರೆ ಮೊದಲ ಸಾಲು 5-5-5-5, ಎರಡನೆಯದು 5-3-5-5, ಮೂರನೆಯದು 5-3-5. ಮೊದಲ ಪ್ರಯತ್ನ ಹೀಗೆ ಬರಬಹುದು:

ಜ್ವಾಳಕ್ಕ ತೆನಿ ಬಂತು ಹತ್ತೀಗಿ ಬಿಳಿ ಬಂತು
ಸಂಜೀಯ ಬಸ್ಸು ಬರಿದಾತ, ಎಲೆ ಗೆಳತಿ
ನನರಾಯ ಇನ್ನ ಬಂದಿಲ್ಲ

ಮಾತ್ರೆ ಸರಿ ಇದೆ. ಕಿವಿಗೆ ಮಾತ್ರ ಎಲ್ಲೋ ಸಡಿಲ. ಕಾರಣ ಆದಿಪ್ರಾಸ ಇಲ್ಲ, ಅಂದರೆ ಮೊದಲೆರಡು ಸಾಲುಗಳ ಎರಡನೆಯ ಅಕ್ಷರ ಕೂಡಿಲ್ಲ. ಜ್ವಾಳಕ್ಕದ ಳಕಾರಕ್ಕೆ ಜೋಡಿ ಬೇಕು. ಹುಡುಕಿದರೆ ‘ಹೇಳೀದ’ ಸಿಗುತ್ತದೆ, ಅದಕ್ಕೂ 5 ಮಾತ್ರೆ.

ಜ್ವಾಳಕ್ಕ ತೆನಿ ಬಂತು ಹತ್ತೀಗಿ ಬಿಳಿ ಬಂತು
ಹೇಳೀದ ಬಸ್ಸು ಬರಿದಾತ, ಎಲೆ ಗೆಳತಿ
ನನರಾಯ ಇನ್ನ ಬಂದಿಲ್ಲ

ಪ್ರಾಸಕ್ಕೆ ಅಂತ ಹೋದದ್ದು ಅರ್ಥವನ್ನೂ ತಂದುಕೊಟ್ಟಿತು. ಸಂಜೆಯ ಬಸ್ಸು ಯಾರದ್ದೂ ಆಗಬಹುದು. ಹೇಳಿದ ಬಸ್ಸು ಅವನು ಬರುತ್ತೇನೆ ಅಂದ ಬಸ್ಸು, ಒಬ್ಬೊಬ್ಬರೇ ಇಳಿದು ಖಾಲಿ ಆಗುವವರೆಗೆ ನೋಡುತ್ತ ನಿಂತ ಬಸ್ಸು. ಪ್ರಾಸವನ್ನು ಕಾಟ ಅಂತ ತಿಳಿಯುವವರಿಗೆ ತೋರಿಸಲು ಇಂಥ ಜಾಗಗಳನ್ನು ಇಟ್ಟುಕೊಳ್ಳಬೇಕು.

ಎರಡನೆಯ ಸಾಲಿನ ಕೊನೆಯ ಗಣ ತ್ರಿಪದಿಯಲ್ಲಿ ಯಾರನ್ನಾದರೂ ಕರೆಯಲು ಮಾಡಿಟ್ಟ ಜಾಗದ ಹಾಗಿದೆ. ಎಲೆ ಗೆಳತಿ ಅಲ್ಲಿ ಕೂತದ್ದು ಅದಕ್ಕೇ. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳುವುದರಿಂದ ಮೂರು ಸಾಲು ಕಿವಿಗೆ ನಾಲ್ಕಾಗಿ ಕೇಳುತ್ತದೆ. ಹಾಗೆ ಮರಳಿ ಹೇಳುವಾಗ ಖಾಲಿ ಬಸ್ಸು ಎರಡು ಸಲ ಬರುತ್ತದೆ. ಮೂರನೆಯ ಸಾಲಿನ ಸಣ್ಣ ಗಣ ‘ಇನ್ನ’. ಬರೆದಾಗ 3 ಮಾತ್ರೆ, ಕಲ್ಲು ತಿರುಗಿಸುವ ಕೈ ಅಲ್ಲಿ ಎಳೆದುಕೊಂಡು ಹೋಗುತ್ತದೆ. ಇಡೀ ಪದದ ಭಾರ ಆ ಒಂದು ಶಬ್ದದ ಮೇಲೆ. ಅಲ್ಲಿ ‘ಯಾಕ’ ಹಾಕಿ ನೋಡಿ, ಅದಕ್ಕೂ 3 ಮಾತ್ರೆಯೇ. ನನರಾಯ ಯಾಕ ಬಂದಿಲ್ಲ. ಹಂಬಲ ಹೋಗಿ ವಿಚಾರಣೆ ಶುರುವಾಗುತ್ತದೆ.

ಇಲ್ಲಿಯ ವಸ್ತುಗಳನ್ನು ಹಾಡಿಗೆ ತರುವಾಗ ಇಲ್ಲಿಯವರಿಗೆ ಗೊತ್ತಿರುವಷ್ಟಾದರೂ ಗೊತ್ತಿರಬೇಕು. ಕಣ್ಣೀರನ್ನು ಮುಚ್ಚಿಡಲು ಮೆಣಸಿನಕಾಯಿ ಘಾಟಿನ ನೆವ ಹೇಳುವುದು ಚೆಂದದ ಉಪಾಯ, ಆದರೆ ಅಲ್ಲಿ ಬ್ಯಾಡಗಿ ಹೆಸರು ಹಾಕಬೇಡಿ. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಹಾವೇರಿಯಲ್ಲಿ ಹಾಡಿದರೆ ಮಂದಿ ನಗುತ್ತಾರೆ. ಬೇಕಾದರೆ ಆ ತಪ್ಪನ್ನೇ ನೆವದ ಸುಳ್ಳಾಗಿ ಮಾಡಬಹುದು, ಬ್ಯಾಡಗಿ ಕಾಯಿ ಕುಟ್ಟಿ ಇಷ್ಟು ಅಳು ಬರುತ್ತದೇನು ಅಂತ ಅತ್ತೆ ಕೇಳಿದ ಹಾಗೆ. ಎಳ್ಳಮಾಸಿಯ ಬೆಳದಿಂಗಳು ಅಂತ ಬರೆದವರೂ ಉಂಟು. ಅದು ಅಮಾವಾಸ್ಯೆ. ನಾಗರಪಂಚಮಿಯ ಜೋಕಾಲಿಗೆ ನಡುರಾತ್ರಿಯ ಚಂದ್ರನನ್ನು ತಂದರೂ ಅಷ್ಟೇ, ಶುಕ್ಲ ಪಂಚಮಿಯ ಚಂದ್ರ ನಡುರಾತ್ರಿಗೆ ಮೊದಲೇ ಮುಳುಗಿರುತ್ತಾನೆ. ಎರಿಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಬಿರುಕನ್ನು ಎದೆಯ ಬಿರುಕಿಗೆ ಹೋಲಿಸುವುದಾದರೆ ಬೇಸಿಗೆಯಲ್ಲಿ ಹೋಲಿಸಿ. ಮಳೆ ಬಿದ್ದ ಮೇಲೆ ಆ ಮಣ್ಣು ಉಬ್ಬಿ ತಾನೇ ಕೂಡಿಕೊಳ್ಳುತ್ತದೆ. ಆ ಕೂಡಿಕೊಳ್ಳುವುದೇ ಇನ್ನೂ ಒಳ್ಳೆಯ ಚರಣ ಆಗಬಹುದು.

ದೊಡ್ಡ ವಸ್ತು ಹಾಡಿಗೆ ಕೂಡುವುದು ಕಷ್ಟ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು ಅಂತ ಎಲ್ಲರಿಗೂ ಅಭಿಮಾನ. ಅಗಲಿಕೆಗೆ ಒಳ್ಳೆಯ ರೂಪಕ ಸಿಕ್ಕಿತು ಅಂತ ಕೆಲವರು ಅದನ್ನೇ ಹಿಡಿಯುತ್ತಾರೆ. ಹಾಡಿಗೆ ಬೇಕಾಗುವುದು ಅದರಲ್ಲಿ ಎರಡಡಿ, ಬೆಂಚಿನ ಮೇಲೆ ಒಬ್ಬರು ಎದ್ದುಹೋದ ಜಾಗ. ಉಳಿದದ್ದು ರೈಲ್ವೆಯವರಿಗಿರಲಿ.

ಫೋನಿನದು ನಿಜವಾದ ತೊಡಕು. ಕಿಸೆಯಲ್ಲಿ ಮೊಬೈಲ್ ಇರುವ ಕಾಲದಲ್ಲಿ ಓಲೆ ಬರಲಿಲ್ಲ, ಮೋಡವೇ ಸುದ್ದಿ ಒಯ್ಯಿ ಅಂತ ಬರೆದರೆ ಕೇಳುವವರು ‘ಒಂದ ಫೋನ್ ಹಚ್ಚಬಾರದ?’ ಅಂತ ಮನಸ್ಸಿನಲ್ಲೇ ಕೇಳುತ್ತಾರೆ. ಫೋನು ಇದೆ ಅಂತ ಒಪ್ಪಿಕೊಂಡು ಬರೆಯುವುದೇ ದಾರಿ. ನಮ್ಮ ಕಡೆಯ ದೂರದ ಪ್ರೀತಿ ಫೋನಿನಲ್ಲಿ ಮಾತಾಡುವುದನ್ನು ಗಮನಿಸಿ. ಊಟಾತ? ಆತು. ಏನ ಮಾಡಿದ್ದಿ? ಅದ, ಪಲ್ಯಾ. ಮಳಿ ಬಂತ? ಇಲ್ಲ. ಮತ್ತ? ಮತ್ತೇನಿಲ್ಲ. ಮತ್ತ? ಇಬ್ಬರಿಗೂ ಹೇಳಲು ಏನೂ ಉಳಿದಿಲ್ಲ, ಇಬ್ಬರೂ ಇಡುವುದಿಲ್ಲ. ಪ್ರೀತಿ ಅನ್ನುವ ಶಬ್ದ ಅಲ್ಲಿ ಬಾಯಿಗೇ ಬರುವುದಿಲ್ಲ, ಬಂದರೆ ಇಬ್ಬರೂ ಗಾಬರಿಯಾದಾರು. ಆ ‘ಮತ್ತ?’ ಅನ್ನುವುದರೊಳಗೆ ಎಲ್ಲ ಇದೆ.

ಊಟ ಆತ ಅಂತ ಕೇಳ್ದಿ
ತಾಟು ಹಂಗ ಕುಂತೇತಿ
ಮತ್ತ ಅಂದಿ, ಮತ್ತ ಅಂದೆ
ನಡುವ ರಾತ್ರಿ ಸರದೇತಿ

ಪಲ್ಲವಿಯ ಅಳತೆಯೇ, 12 ಮತ್ತು 11. ‘ಆತು ಅಂತ ಸುಳ್ಳು ಹೇಳಿದೆ’ ಅಂತ ಬಿಡಿಸಿ ಹೇಳಿಲ್ಲ, ತಾಟು ಹೇಳುತ್ತದೆ. ಇಲ್ಲಿ ಮೊದಲ ಸಲ ನೀ ಬಂದಿದೆ, ಕೇಳ್ದಿ ಅನ್ನುವ ಕ್ರಿಯಾಪದದಲ್ಲಿ. ಒಮ್ಮೆ ನೀ ಬಂದ ಮೇಲೆ ಮುಂದಿನ ಚರಣದಲ್ಲಿ ಅದೇ ಮನುಷ್ಯರನ್ನು ಅವನು, ಅವಳು ಅಂತ ದೂರ ತಳ್ಳಬಾರದು. ನೀವು ಅಂತ ಬಹುವಚನಕ್ಕೆ ಏರಿಸಲೂಬಾರದು. ಕಾರಣ ಇದ್ದು ಬೇಕಂತಲೇ ಮಾಡಿದರೆ ಸರಿ. ಮಾತ್ರೆ ತುಂಬಲಿಲ್ಲ ಅಂತ ‘ನೀ’ ಇದ್ದದ್ದು ‘ನೀವು’ ಆಗುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ತಾಳ, ರಾಗ ಹೆಚ್ಚು ಹಿಗ್ಗಿಸುವುದಿಲ್ಲ. 3-3ರ ನಡೆಗೆ ದಾದ್ರಾ, 4-4ಕ್ಕೆ ಕೆಹರ್ವಾ, 3-4ಕ್ಕೆ ರೂಪಕ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇರುವ ಗದಗಿನವರಿಗೆ 3-4 ಬೇರೆ ಕಲಿಸಬೇಕಾಗಿಲ್ಲ, ಭಾಮಿನಿ ಷಟ್ಪದಿಯ ಹೆಜ್ಜೆಯೇ ಅದು. ರಾಗಕ್ಕೆ ಬಂದರೆ ದುಃಖ ಅಂದ ಕೂಡಲೇ ಎಲ್ಲರ ಕೈ ಶಿವರಂಜನಿಗೆ ಹೋಗುತ್ತದೆ. ಐದೇ ಸ್ವರ, ಕೋಮಲ ಗಾಂಧಾರ ಮುಟ್ಟಿದರೆ ಸಾಕು, ಅಳು ಶುರು. ಅಳುವುದಕ್ಕೆ ಅದು ಸರಿ. ಕಾಯುವುದಕ್ಕೆ ಬಾಗೇಶ್ರೀ ಚೆನ್ನಾಗಿ ಕೂಡುತ್ತದೆ. ಅದರ ವಾದಿ, ಅಂದರೆ ಮುಖ್ಯ ಸ್ವರ, ಮಧ್ಯಮ. ಸಾಲನ್ನು ರಾಗದ ನೆಲೆಯಾದ ಷಡ್ಜಕ್ಕೆ ತಂದು ಇಳಿಸದೆ ಮಧ್ಯಮದ ಮೇಲೆ ಬಿಟ್ಟರೆ ಮನೆಯ ಮೆಟ್ಟಿಲವರೆಗೆ ಬಂದು ಒಳಗೆ ಕಾಲಿಡದ ಹಾಗೆ ಕೇಳುತ್ತದೆ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ರೂಢಿಯಂತೆ ಪ್ರತಿ ಸಾಲಿನ ಕೊನೆಗೆ ಷಡ್ಜ ಒತ್ತಿಬಿಡುತ್ತಾರೆ. ಅಷ್ಟಾದರೆ ಬಂದಿಲ್ಲ ಅಂತ ಬರೆದದ್ದು ಬರಲಿಲ್ಲ ಅಂತ ಕೇಳುತ್ತದೆ.

ಎಷ್ಟು ಚರಣ? ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ 12 ಮಾತ್ರೆಯ ಸಾಲಿಗೆ 6 ಸೆಕೆಂಡು. ನಾಲ್ಕು ಸಾಲಿನ ಪಲ್ಲವಿ, ನಾಲ್ಕು ಸಾಲಿನ ಮೂರು ಚರಣ ಸೇರಿ 96 ಸೆಕೆಂಡು. ಚರಣದ ನಂತರ ಪಲ್ಲವಿಯ ಎರಡು ಸಾಲು ಮೂರು ಸಲ ಬಂದರೆ ಇನ್ನೂ 36. ಒಟ್ಟು 132 ಸೆಕೆಂಡಿನ ಮಾತು. ನಾಲ್ಕು ನಿಮಿಷದ ಹಾಡಿಗೆ ಇದು ಸಾಕು, ಉಳಿದದ್ದು ಕೊಳಲಿಗೆ, ಸಾರಂಗಿಗೆ, ಸಾಲು ಮರಳಿ ಹಾಡುವುದಕ್ಕೆ ಬೇಕು. ಐದಾರು ಚರಣ ಬರೆದು ತಂದರೆ ಹಾಡುವವರು ಓಡುತ್ತಾರೆ, ಓಡುವ ಹಾಡಿನಲ್ಲಿ ಕಾಯುವುದು ಹೇಗೆ?

ಇನ್ನು ಬರೂದಿಲ್ಲದ ಮಾತು. ಇಡೀ ಹಾಡಿನಲ್ಲಿ ಅದನ್ನು ಒಂದೇ ಸಲ ಕರೆಯಬೇಕು, ಕೊನೆಯ ಚರಣದಲ್ಲಿ, ಅದೂ ಕಾಯುವವರ ಬಾಯಿಂದ ಹೇಳಿಸಬಾರದು. ಬೇರೆಯವರು ಹೇಳಲಿ.

ಬರೂದಿಲ್ಲ ಅಂದ್ರು ಮಂದಿ
ನಾನೂ ಹೂಂ ಅಂದೀನಿ
ನಾಳಿಗಂತ ಒಂದು ರೊಟ್ಟಿ
ಮತ್ತ ಹೆಚ್ಚ ಬಡದೀನಿ

ಇದಾದ ಮೇಲೆ ಪಲ್ಲವಿಗೆ ಮರಳುವಾಗ ತಬಲಾ ನಿಲ್ಲಿಸಿ, ಪೇಟಿಯ ಮಧ್ಯಮ ಒಂದೇ ಉಳಿಯಲಿ. ಹಾಡುವವರು ‘ಮರತು’ ಅಂತ ಎತ್ತಿಕೊಳ್ಳಲಿ. ಮೂರೇ ಮಾತ್ರೆಯ ಶಬ್ದ, ಮೊದಲ ಸಲ ಹಾಡಿದಾಗ ನಿಜ ಅನ್ನಿಸಿದ್ದು. ಈಗ ಅದು ಸುಳ್ಳು ಅಂತ ಕೂತು ಕೇಳುವ ಎಲ್ಲರಿಗೂ ಗೊತ್ತಿರುತ್ತದೆ. ಒಂದು ಉಸಿರು ಬಿಟ್ಟು ‘ಬಡದ’ದಿಂದ ತಬಲಾದ ಠೇಕಾ ಮತ್ತೆ ಶುರು ಮಾಡಬಹುದು.